ಬಾಗ್ದಾದಿನ ಬಟ್ಟಲು

ಖರ್ಜೂರದ ಪಾಕ ಕುದಿಯುವ ವಾಸನೆ ಬಂದರೆ ಸಾಕು, ಎಸ್ಪ್ಲನೇಡ್ ಹಿಂದಿನ ನಮ್ಮ ಬಾಡಿಗೆ ಮನೆಯೂ ಮೇಲಿನ ಮಹಡಿಯ ಸಾರಾ ಆಂಟಿಯೂ ಕಣ್ಣಿಗೆ ಕಟ್ಟುತ್ತಾರೆ. ಅಪ್ಪನ ರೈಲ್ವೆ ನೌಕರಿಗೆಂದು ನಾವು ಊರು ಬಿಟ್ಟು ಈ ದೂರದ ಶಹರಕ್ಕೆ ಬಂದಿದ್ದ ಕಾಲ. ಆಂಟಿ ಯಹೂದಿ, ಅವರ ಅಜ್ಜಿ ಬಾಗ್ದಾದಿನಿಂದ ಹತ್ತಿಯಲ್ಲಿ ಸುತ್ತಿ ತಂದಿದ್ದ ನೀಲಿ ಹೂವಿನ ಆರು ಮಣ್ಣಿನ ಬಟ್ಟಲುಗಳು ವರ್ಷವಿಡೀ ಬೀಗದೊಳಗಿದ್ದು, ಪಾಸೋವರ್ ಹಬ್ಬಕ್ಕೆ ಮಾತ್ರ ಮೇಜಿಗೆ ಬರುತ್ತಿದ್ದವು. ಒಂದರಲ್ಲಿ ಉಪ್ಪುನೀರು, ಒಂದರಲ್ಲಿ ಕಹಿ ಸೊಪ್ಪು, ಒಂದರಲ್ಲಿ ಅಕ್ರೋಟು ಕಲಸಿದ ಖರ್ಜೂರದ ಪಾಕ. ನನ್ನ ಕಣ್ಣೆಲ್ಲ ಆ ಪಾಕದ ಮೇಲೆ. ನನಗೆ ಎಂಟು ವರ್ಷವಿದ್ದಾಗ ಆಂಟಿ ನನ್ನ ಹಟಕ್ಕೆ ಸೋತು ಬಟ್ಟಲನ್ನೇ ಕೈಗಿತ್ತರು. ಸಂಜೆಯೊಳಗೆ ತಾ, ಖಾಲಿಯಾಗಿಯೇ ತಾ ಎಂದು ಎರಡು ಸಲ ಹೇಳಿದರು.

ಅದನ್ನು ನಾನು ಅವ್ವನಿಗೆ ಹೇಳಲಿಲ್ಲ. ಬೆರಳು ನೆಕ್ಕುವುದರಲ್ಲೇ ಮರೆತೆ. ಅವತ್ತು ದವನದ ಹುಣ್ಣಿಮೆ; ಅವ್ವ ಬೆಳಗಿನಿಂದ ಕಣಕ ನೆನೆಹಾಕಿ ಹೋಳಿಗೆ ಮಾಡಿದ್ದಳು. “ಖಾಲಿ ಬಟ್ಟಲಾ ಹೆಂಗ ವಾಪಸ್ ಕೊಡೂದು?” ಎಂದು ತುಪ್ಪ ಸೋರುವ ಎರಡು ಹೋಳಿಗೆ ಮಡಿಚಿಟ್ಟು ಕಳಿಸಿದಳು. ನಿಮ್ಮ ಮನೆಯಲ್ಲೂ ಪಾತ್ರೆ ಖಾಲಿ ಕಳಿಸುತ್ತಿರಲಿಲ್ಲ, ಅಲ್ಲವೇ? ಆಂಟಿ ಬಾಗಿಲಲ್ಲೇ ನಿಂತು ಬಟ್ಟಲನ್ನು ಬಹಳ ಹೊತ್ತು ನೋಡಿದರು, ಆಮೇಲೆ ನನ್ನ ತಲೆ ಸವರಿ ಕಳಿಸಿದರು. ಮರುವರ್ಷದಿಂದ ಪಾಕ ಬಂದದ್ದು ಎಲೆಯ ದೊನ್ನೆಯಲ್ಲಿ. ನಮ್ಮ ಕೈ ಸೋಕಿದ ಪಾತ್ರೆ ಆಕೆಗೆ ಆಗುವುದಿಲ್ಲ ಎಂದುಕೊಂಡ ಅವ್ವ ಸಿಟ್ಟಾಗಿ ಮೇಲೆ ಹೋಗುವುದನ್ನೇ ಬಿಟ್ಟಳು. ದಿನಾ ಕೂಡಿ ಚಹಾ ಕುಡಿಯುತ್ತಿದ್ದವರು ಎದುರು ಸಿಕ್ಕರೆ ಬರೀ ನಕ್ಕು ಸರಿದರು. ಶಹರದ ಇನ್ನೊಂದು ತುದಿಯ ಬಾರಾನಗರಕ್ಕೆ ಮನೆ ಬದಲಿಸಿದ ದಿನ ಅವ್ವ ಹೇಳಿ ಬರಲೂ ಇಲ್ಲ.

ಈ ಚೈತ್ರದಲ್ಲಿ ಆಂಟಿಯ ತಂಗಿಯ ಮಗಳು ನಮ್ಮ ವಿಳಾಸ ಹುಡುಕಿಕೊಂಡು ಬಂದಳು. ಆಂಟಿ ತೀರಿಕೊಂಡರಂತೆ. ಪೇಪರಿನಲ್ಲಿ ಸುತ್ತಿದ ಆ ಬಟ್ಟಲನ್ನು ನನ್ನ ಕೈಗಿಟ್ಟು ಅವಳು ನಡೆದದ್ದನ್ನು ಹೇಳಿದಳು. ಹಬ್ಬದ ಆ ದಿನಗಳಲ್ಲಿ ನೆನೆದ ಗೋಧಿ ಹಿಟ್ಟಿನ ತಿನಿಸು ಅವರ ಮನೆಯೊಳಗೇ ಬರಬಾರದು. ಲೋಹದ ಪಾತ್ರೆಗೆ ತಾಗಿದರೆ ಕುದಿಸಿ ಶುದ್ಧ ಮಾಡಬಹುದು. ಮಣ್ಣು ಹೀರಿಕೊಂಡುಬಿಡುತ್ತದೆ, ಅದನ್ನು ಒಡೆಯುವುದೇ ದಾರಿ. ಆಂಟಿಗೆ ಒಡೆಯಲು ಮನಸ್ಸು ಬರಲಿಲ್ಲ. ಉಳಿದ ಐದನ್ನಾದರೂ ಕಾಪಾಡಲು ನಮಗೆ ದೊನ್ನೆಯಲ್ಲಿ ಕಳಿಸಿದರು. ತಮ್ಮ ಮೇಜಿನ ಮೇಲೆ ಪಾಕವನ್ನು ಕೊನೆಯವರೆಗೂ ಗಾಜಿನ ಲೋಟದಲ್ಲಿಟ್ಟರು. ಅವ್ವ ನೊಂದುಕೊಂಡಾಳೆಂದು ಕಾರಣ ಹೇಳಲೇ ಇಲ್ಲವಂತೆ. ಅಯ್ಯೋ, ಇಷ್ಟು ವರ್ಷ!

ಪಕ್ಕದಲ್ಲೇ ಕೂತಿದ್ದ ಅವ್ವನಿಗೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಖಾಲಿ ತಾ ಎಂದು ಆಂಟಿ ಹೇಳಿದ್ದನ್ನು ನಾನು ನುಂಗಿಕೊಂಡದ್ದನ್ನೂ ಹೇಳಿದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವ್ವ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

“ಗ್ರಹಣ ಬಿಟ್ಟ ಮ್ಯಾಲೆ ನಾನೂ ಮಣ್ಣಿನ ಗಡಿಗಿ ಹೊರಗ ಒಗೀತಿದ್ನಲ್ಲ,” ಎಂದಳು ಕೊನೆಗೆ. “ಒಂದು ಮಾತು ಹೇಳಿದ್ರ ನನಗ ತಿಳೀತಿರಲಿಲ್ಲೇನು?”

ಆಮೇಲೆ, ಆಂಟಿಯನ್ನು ಮಣ್ಣು ಮಾಡಿದ್ದೆಲ್ಲಿ ಎಂದು ತನ್ನ ಮುರುಕು ಹಿಂದಿಯಲ್ಲಿ ಬಂದವಳನ್ನೇ ಕೇಳಿದಳು. ಉತ್ತರ ಬರುವ ಮೊದಲೇ ಸೀರೆ ಬದಲಿಸಲು ಎದ್ದಳು.