ಸಾಹೇಬನಿಗೆ ತಕ್ಕ ಲೆನ್ಸು

ನಮ್ಮ ಅಳಿಯ ಊರ ಹೊರಗಿನ ಕಸದ ಗುಡ್ಡದ ಮೇಲೆ ಬುಲ್ಡೋಜರ್ ಓಡಿಸುತ್ತಾರೆ. ಲಾರಿಗಳು ತಂದು ಸುರಿದದ್ದನ್ನು ತಳ್ಳಿ, ಹರಡಿ, ತುಳಿದು ಗಟ್ಟಿ ಮಾಡುವುದು ಅವರ ಕೆಲಸ. ಇಡೀ ದಿನ ಎಂಜಿನ್ ಸದ್ದಿನಲ್ಲಿ ಕೂತು ಬಂದವರಿಗೆ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ ಕೇಳುತ್ತಾರೆ.

ಸಂಜೆ ಬಂದವರು ಮುಂಬಾಗಿಲಿಗೆ ಬರುವುದಿಲ್ಲ. ಹಿತ್ತಿಲ ನಲ್ಲಿಯ ಹತ್ತಿರ ಬೂಟು ಬಿಚ್ಚಿ, ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಸ್ನಾನ ಮುಗಿಸಿಯೇ ಒಳಗೆ ಕಾಲಿಡುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಮಗಳು ಮಾಡಿದ ಕಾನೂನು ಇದು. ಅದನ್ನು ಅವರು ಮುರಿದದ್ದಿಲ್ಲ. ಹೊಸಬರು ಯಾರಾದರೂ ಕೆಲಸವೇನು ಎಂದು ಕೇಳಿದರೆ "ಗಾಡಿ ಓಡಿಸ್ತೀನಿ" ಅನ್ನುತ್ತಾರೆ. ಯಾವ ಗಾಡಿ ಎಂದು ಕೇಳುವಷ್ಟರಲ್ಲಿ ಎದ್ದು ನೀರು ಕುಡಿಯಲು ಹೋಗಿರುತ್ತಾರೆ.

ಆದರೆ ನಮ್ಮ ಹತ್ತಿರ ಗುಡ್ಡದ ಹಕ್ಕಿಗಳ ಸುದ್ದಿ ಹೇಳದ ದಿನವಿಲ್ಲ. ಅದರಲ್ಲೂ ಒಂದು ದೊಡ್ಡ ಕೊಕ್ಕರೆಯದು. ಬೋಳು ತಲೆ, ಕತ್ತಿನಲ್ಲಿ ಜೋತುಬಿದ್ದ ಚೀಲ, ಎಡಗಾಲಿನ ಒಂದು ಬೆರಳು ಸೊಟ್ಟ. ಬೆನ್ನ ಹಿಂದೆ ಕೈಕಟ್ಟಿಕೊಂಡು ತಪಾಸಣೆಗೆ ಬಂದ ಅಧಿಕಾರಿಯಂತೆ ಬುಲ್ಡೋಜರಿನ ಮುಂದೆಯೇ ಅಡ್ಡಾಡುತ್ತದಂತೆ. ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದರು.

"ಬಂದಿದ್ರಾ ನಿಮ್ಮ ಸಾಹೇಬ್ರು?" ಎಂದು ಮಗಳು ಕೆಣಕುವಳು.

"ಬಂದಿದ್ದ. ಒಂದು ಚಪ್ಪಲಿ ಎತ್ತಿ ನೋಡಿ, ಬಿಸಾಕಿ ಹೋದ."

"ಪಾಪ, ಜೋಡಿ ಸಿಗ್ಲಿಲ್ವೇನೋ."

ಹೀಗಿರುವಾಗ ಗುಡ್ಡ ಮುಚ್ಚುವ ಸುದ್ದಿ ಬಂತು. ಇನ್ನು ಕಸವೆಲ್ಲ ಷೆಡ್ಡಿನೊಳಗಿನ ಮೆಷಿನ್ನಿಗೆ, ಗುಡ್ಡದ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಅಳಿಯಂದಿರ ಕೆಲಸಕ್ಕೇನೂ ತೊಂದರೆಯಿರಲಿಲ್ಲ, ಷೆಡ್ಡಿನಲ್ಲಿ ಬೇರೆ ಗಾಡಿ ಕೊಡುತ್ತಾರೆ. ಹಕ್ಕಿಗಳು ಮಾತ್ರ ಬರುವುದಿಲ್ಲ.

"ಅತ್ತೆ, ಅವನದೊಂದು ಫೋಟೋ ಬೇಕು. ಕಣ್ಣು ಸ್ಪಷ್ಟ ಕಾಣೋ ಹಾಗೆ," ಎಂದರು. "ಇಲ್ದಿದ್ರೆ ನಾಳೆ ಅಂಥವನೊಬ್ಬ ಇದ್ದ ಅಂದ್ರೆ ಇವಳು ನಂಬಲ್ಲ."

"ಈಗ ನಂಬಿದೀನಿ ಅಂತ ಯಾರು ಹೇಳಿದ್ರು?" ಎಂದಳು ಮಗಳು ಒಲೆಯ ಮುಂದಿನಿಂದ.

ಅವರ ಮೊಬೈಲಿನ ಗಾಜು ಧೂಳಿಗೆ ಉಜ್ಜಿ ಮಂಜಾಗಿತ್ತು. ಅವರ ತಮ್ಮ ಬಳಸಿ ಬಿಟ್ಟ ಹಳೆಯ ಕ್ಯಾಮೆರಾ ಮನೆಯಲ್ಲಿತ್ತು. ಅದರ ಲೆನ್ಸಿಗೆ ಮರಳು ಹೊಕ್ಕು ತಿರುಗುತ್ತಿರಲಿಲ್ಲ. ಬೇರೆ ಲೆನ್ಸು ಕೊಳ್ಳಲು ಹೊರಟಾಗ, ನನ್ನ ಕನ್ನಡಕದ ಕಡ್ಡಿ ಸರಿಮಾಡಿಸುವುದಿತ್ತೆಂದು ನಾನೂ ಜೊತೆಗೆ ಹೋದೆ.

ಹಳೆ ಕ್ಯಾಮೆರಾ ಮಾರುವ ಇಕ್ಕಟ್ಟಾದ ಅಂಗಡಿ. ಬೋರಲು ಹಾಕಿದ ಲೋಟಗಳ ಹಾಗೆ ಲೆನ್ಸುಗಳು ಸಾಲಾಗಿ ನಿಂತಿದ್ದವು. ಅಂಗಡಿಯಾಕೆ ರಬ್ಬರಿನ ಬುರುಡೆಯೊಂದನ್ನು ಅದುಮಿ ಅದುಮಿ ಅವುಗಳ ಧೂಳು ಊದುತ್ತಿದ್ದಳು.

"ಹಕ್ಕಿ ಫೋಟೋನಾ? ಎಲ್ಲಿ ತೆಗೀತೀರಾ?"

ಅಳಿಯ ನನ್ನ ಕಡೆ ನೋಡಿದರು. ಆಮೇಲೆ ಫ್ಯಾನಿನ ಕಡೆ ನೋಡಿದರು.

"ಕಾಡಲ್ಲಿ."

"ಹಕ್ಕಿ ಎಷ್ಟು ದೂರ ಇರತ್ತೆ?"

"ದೂರಾನೇ. ಕಾಡಲ್ವಾ."

ಅವರು ಕಾಡಿಗೆ ಹೋದದ್ದು ನನಗೆ ಗೊತ್ತಿಲ್ಲ. ನಾಲ್ಕು ಜನರ ಮುಂದೆ ಆಡುವ ಮಾತಲ್ಲವೆಂದು ಕನ್ನಡಕ ತೆಗೆದು ಒರೆಸಿಕೊಂಡೆ.

ಆಕೆ ಮೊಳದುದ್ದದ್ದೊಂದನ್ನು ಇಳಿಸಿಕೊಟ್ಟಳು. "ಹೊಸದಾಗಿ ಶುರು ಮಾಡೋರಿಗೆ, ಕಡಿಮೆ ಬೆಲೇಲಿ, ದೂರದ್ದಕ್ಕೆ ಇದೇ ಸರಿ. ಆದ್ರೆ ಕೈ ಅಲುಗಬಾರ್ದು. ಅಲುಗಾಟ ತಡ್ಕೊಳ್ಳೋ ಲೆನ್ಸು ನಿಮ್ಮ ಬಜೆಟ್ಟಿಗೆ ಬರಲ್ಲ. ಹೊಂದ್ಲಿಲ್ಲ ಅಂದ್ರೆ ವಾರದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ."

ಮಾರನೆಯ ದಿನದಿಂದ ಪಾಡು ಶುರುವಾಯಿತು. ಬುಲ್ಡೋಜರ್ ನಿಂತಲ್ಲೇ ನಿಂತಿದ್ದರೂ ಎಂಜಿನ್ ಓಡುತ್ತಿದ್ದರೆ ಮೈಯೆಲ್ಲ ನಡುಗುತ್ತದೆ. ಸಾಹೇಬ ದೂರವಿದ್ದಾಗ ತೆಗೆದರೆ ಬೂದಿಬಣ್ಣದ ಹೊಗೆ. ಹತ್ತಿರ ಬಂದಾಗ ತೆಗೆದರೆ ಆ ಉದ್ದ ಲೆನ್ಸಿನಲ್ಲಿ ಹಿಡಿಸುವುದು ಅವನ ಮೊಣಕಾಲು ಮಾತ್ರ. ಮೂರು ದಿನ ಮೊಣಕಾಲು ನೋಡಿದೆವು.

ನಾಲ್ಕನೆಯ ದಿನ, ನಡುಕವಾದರೂ ನಿಲ್ಲಲಿ ಎಂದು, ಅಳಿಯ ಎಂಜಿನ್ ನಿಲ್ಲಿಸಿದರು. ಗುಡ್ಡವೆಲ್ಲ ಗಪ್‌ಚುಪ್ಪಾಯಿತಂತೆ. ಅಷ್ಟೂ ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದವು. ಕ್ಯಾಮೆರಾ ಕಣ್ಣಿಗಿಡುವುದರೊಳಗೆ ಒಂದೂ ಇರಲಿಲ್ಲ. ಎಲ್ಲರಿಗಿಂತ ಮೊದಲು ಹಾರಿದವನು ಸಾಹೇಬ.

ಲಾರಿಗಳಿಗೆ ದಾರಿ ತೋರಿಸುವ ಮೀಸೆಯವನು ಬಿದ್ದು ಬಿದ್ದು ನಕ್ಕನಂತೆ. "ಅಲ್ಲಣ್ಣ, ನೀನು ಎಂಜಿನ್ ನಿಲ್ಸೋದು ಯಾವಾಗ? ಕೆಳಗಿಳಿಯೋವಾಗ. ಇಳಿದ್ರೆ ಮನುಷ್ಯ ಅಂತ ಅವಕ್ಕೆ ಗೊತ್ತು. ಸದ್ದು ಮಾಡ್ಕೊಂಡು ಮೇಲಿರೋ ತನಕ ನೀನೂ ಒಂದು ಕಬ್ಬಿಣ!"

ಅವತ್ತು ಊಟದ ಹೊತ್ತಿಗೆ ಇದನ್ನೆಲ್ಲ ಎಷ್ಟು ಮೆಲ್ಲಗೆ ಹೇಳಿದರೆಂದರೆ, ನಾನು ಕುರ್ಚಿ ಹತ್ತಿರ ಎಳೆದುಕೊಳ್ಳಬೇಕಾಯಿತು.

"ಎಂಜಿನ್ ಓಡ್ತಿದ್ರೆ ಎಷ್ಟು ಹತ್ರ ಬರ್ತಾನೆ?" ಎಂದು ಮಗಳು ಕೇಳಿದಳು.

"ಇಲ್ಲಿಂದ ಆ ಫ್ರಿಜ್ಜು."

"ಅಷ್ಟು ಹತ್ರ ಬರೋನಿಗೆ ಅಷ್ಟುದ್ದದ್ದು ಯಾಕ್ರೀ? ಅಂಗಡಿಯವಳಿಗೆ ಹೇಳ್ಲಿಲ್ವಾ?"

ಅಳಿಯ ತಟ್ಟೆ ನೋಡಿದರು. ನಾನೂ ನನ್ನ ತಟ್ಟೆ ನೋಡಿದೆ.

ವಾರ ಮುಗಿಯುವ ದಿನ ಮತ್ತೆ ಹೋದೆವು. ಕಡ್ಡಿ ಇನ್ನೊಮ್ಮೆ ಸಡಿಲವಾಗಿದೆ ಎಂದು ನಾನೂ ಹೊರಟೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅಳಿಯ ಗಾಜಿನ ಮೇಲೆ ಬಗ್ಗಿ ಏನೋ ಗೊಣಗಿದರು.

"ಏನಂದ್ರಿ?"

ಮತ್ತೆ ಗೊಣಗಿದರು.

"ಕೇಳಿಸ್ತಿಲ್ಲ ಸ್ವಾಮಿ, ಸ್ವಲ್ಪ ಜೋರಾಗಿ ಹೇಳಿ."

ಅವರಿಗೆ ಸ್ವಲ್ಪ ಜೋರು ಅನ್ನುವುದು ಗೊತ್ತಿಲ್ಲ. "ಕಾಡಲ್ಲ, ಕಸದ ಗುಡ್ಡ! ಬುಲ್ಡೋಜರ್ ಮೇಲೆ ಕೂತು ತೆಗೀಬೇಕು! ಎಂಜಿನ್ ನಿಲ್ಸೋ ಹಾಗಿಲ್ಲ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಂಗಡಿಯಾಕೆ ಬುರುಡೆ ಕೆಳಗಿಟ್ಟಳು.

"ಗಾಡಿ ತುಂಬ ಅಲುಗತ್ತಾ?"

"ಹಲ್ಲೂ ಅಲುಗತ್ತೆ."

"ಹಕ್ಕಿ ಎಷ್ಟು ಹತ್ರ?"

"ಆ ಬಾಗಿಲು."

"ಮೊದ್ಲೇ ಹೇಳೋದಲ್ವಾ ಮಾರಾಯ್ರೇ! ಕಾಡು ಅಂದ್ರಿ, ಕಾಡಿಂದು ಕೊಟ್ಟೆ." ಉದ್ದದ್ದನ್ನು ವಾಪಸು ತೆಗೆದುಕೊಂಡು, ಮುಷ್ಟಿಗಿಂತ ಚಿಕ್ಕದೊಂದನ್ನು ಮುಂದಿಟ್ಟಳು. "ಇದು ಹಿಂದೆ ಮುಂದೆ ಆಗಲ್ಲ, ದೂರದ್ದನ್ನ ಹತ್ರ ತೋರ್ಸಲ್ಲ. ಆದ್ರೆ ಬೆಳಕು ಜಾಸ್ತಿ ನುಂಗತ್ತೆ. ಅದಕ್ಕೆ ಕಣ್ಣು ಮಿಟುಕಿಸೋಕಿಂತ ಬೇಗ ಫೋಟೋ ಮುಗಿದುಹೋಗತ್ತೆ. ಗಾಡಿ ನಡುಗಿದ್ರೂ ಅಷ್ಟಾಗಿ ಗೊತ್ತಾಗಲ್ಲ. ಗಾಜಿನ ಮೂಲಕ ತೆಗೀಬೇಡಿ, ಬಾಗಿಲು ತೆಗೆದಿಟ್ಕೊಳ್ಳಿ."

ಇದು ಉದ್ದದ್ದಕ್ಕಿಂತ ಅಗ್ಗವೂ ಆಯಿತು.

ಲೆನ್ಸು ಸಿಕ್ಕಿತು, ಸಾಹೇಬ ಸಿಗಲಿಲ್ಲ. ಹೆದರಿ ಹೋದವನು ಗುಡ್ಡದ ಆಚೆ ತುದಿಯಲ್ಲೇ ಉಳಿದ. ಅಷ್ಟರಲ್ಲಿ ಮಣ್ಣಿನ ಲಾರಿಗಳು ಬರತೊಡಗಿದವು. ಅಳಿಯ ಊಟದ ಬಿಡುವಿನಲ್ಲೂ ಕೆಳಗಿಳಿಯದೆ, ಎಂಜಿನ್ ಓಡುತ್ತಿರಲು ಬಿಟ್ಟು, ಬಾಗಿಲು ತೆರೆದಿಟ್ಟು, ಮಡಿಲಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದರು. ಬುತ್ತಿಯನ್ನು ಮೀಸೆಯವನೇ ಮೇಲಕ್ಕೆ ಕೊಡುತ್ತಿದ್ದ. "ಕಬ್ಬಿಣಕ್ಕೂ ಹಸಿವಾ?" ಎಂದು ಕೇಳುತ್ತಿದ್ದನಂತೆ.

ಗುಡ್ಡದ ಮುಕ್ಕಾಲು ಪಾಲಿಗೆ ಮಣ್ಣು ಬಿದ್ದ ಮೇಲೆ, ಉಳಿದ ಕಸದ ತುಂಡಿಗೆ ಹಕ್ಕಿಗಳೆಲ್ಲ ಬಂದು ಸೇರಿದವು. ಅವುಗಳ ಜೊತೆ ಸಾಹೇಬನೂ ಬಂದ. ಕೈಕಟ್ಟಿಕೊಂಡೇ ಬಂದ.

ಫೋಟೋವನ್ನು ಅಚ್ಚು ಹಾಕಿಸಿದ್ದೂ ಅದೇ ಅಂಗಡಿಯಲ್ಲಿ. ಬೋಳು ತಲೆ, ಚೀಲ, ಸೊಟ್ಟ ಬೆರಳು, ತೆಳು ಬಣ್ಣದ ಕಣ್ಣು. ಕೆಳಗಿನ ಮೂಲೆಯಲ್ಲಿ ಕಸ ತಳ್ಳುವ ಬುಲ್ಡೋಜರಿನ ಕಬ್ಬಿಣದ ಹಲಗೆ, ಮಣ್ಣು ಮೆತ್ತಿದ್ದು.

"ಈ ಕಬ್ಬಿಣ ಕತ್ತರಿಸಿಬಿಡ್ಲಾ?" ಎಂದಳು ಅಂಗಡಿಯಾಕೆ. "ಆಗ ಕಾಡಿನ ಥರಾನೇ ಕಾಣತ್ತೆ."

ಅಳಿಯ ಆ ಹಲಗೆಯ ಮೇಲೆ ಬೆರಳಿಟ್ಟರು. "ಬೇಡ. ಅದಿಲ್ದೆ ಅವನು ಬರ್ತಿರ್ಲಿಲ್ಲ."

ಮಗಳು ಕೈ ಒರೆಸಿಕೊಂಡು ಬಂದು ಫೋಟೋವನ್ನು ಬೆಳಕಿಗೆ ಹಿಡಿದಳು. "ಇವನೇನಾ? ಬೆರಳು ನಿಜವಾಗ್ಲೂ ಸೊಟ್ಟ ಇದೆ ಕಣ್ರೀ," ಎಂದಳು. ಮೊಳೆ ಹುಡುಕಿ ತಂದವಳೂ ಅವಳೇ. ಮುಂಬಾಗಿಲಿನಿಂದ ಬಂದವರಿಗೆ ಮೊದಲು ಕಾಣುವ ಗೋಡೆಗೆ ತೂಗುಹಾಕಿದಳು.

ಮನೆಗೆ ಬಂದವರು ಇದು ಯಾವ ಕಾಡು ಎಂದು ಕೇಳುತ್ತಾರೆ. ಅಳಿಯ ನೀರು ಕುಡಿಯಲು ಏಳುವುದಿಲ್ಲ. ಎಲ್ಲಿಯದೆಂದು ಹೇಳುತ್ತಾರೆ, ಪಕ್ಕದ ಮನೆಯವರಿಗೂ ಕೇಳಿಸುತ್ತದೆ.