ಜೊತೆಗೆ ಹೋಗುವವಳು

ನನ್ನ ಸೋದರತ್ತೆ ಮಸಿನಗುಡಿಯಲ್ಲಿ ಹಸು ಸಾಕುತ್ತಾಳೆ. ಬೊಕ್ಕಾಪುರಂನ ಒಂದು ರೆಸಾರ್ಟಿನ ಅಡುಗೆಮನೆಗೆ ದಿನಾ ಬೆಳಿಗ್ಗೆ ಹಾಲು ಹಾಕುತ್ತಾಳೆ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಅನ್ನುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಬೈದು, ನರ್ಸಿಂಗ್ ಓದಿಸಿದ್ದು ಅವಳೇ.

ನಮ್ಮ ನೆಂಟರಲ್ಲಿ ಹೊಸ ಮದುವಣಗಿತ್ತಿ ಮೊದಲ ಸಲ ಗಂಡನೊಡನೆ ಹೊರಟಾಗ ತವರಿನ ಹೆಂಗಸೊಬ್ಬಳು ಜೊತೆಗೆ ಹೋಗಬೇಕು. ಎರಡು ಮೂರು ದಿನ ಇದ್ದು, ಹುಡುಗಿ ನಾಚಿಕೊಂಡು ಅರೆಹೊಟ್ಟೆಯಲ್ಲಿ ಏಳದಂತೆ ನೋಡಿಕೊಂಡು, ಅಳು ಬಂದರೆ ಹಿತ್ತಲಿಗೆ ಕರೆದೊಯ್ದು ಸಮಾಧಾನ ಹೇಳಿ ವಾಪಸು ಬರಬೇಕು. ಈ ಕೆಲಸ ಯಾವಾಗಲೂ ಅತ್ತೆಯದೇ. ಗುಂಡ್ಲುಪೇಟೆ, ಗೂಡಲೂರು, ಪಂದಲೂರು, ಹೀಗೆ ನನ್ನ ಅಕ್ಕಂದಿರು ಸೇರಿದ ಮನೆಗಳಲ್ಲೆಲ್ಲ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿ ಬಂದವಳು ಅವಳು. ಇದನ್ನು ಬಲ್ಲ ನಾನು ಮೊದಲೇ ಊಹಿಸಬೇಕಿತ್ತು.

ನನ್ನ ಮದುವೆ ನಿಶ್ಚಯವಾದದ್ದು ವೆಲ್ಲಿಂಗ್ಟನ್ನಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನ ಜೊತೆ. ಮದುವೆ ಮುಗಿದ ಮಾರನೆಯ ದಿನವೇ ಹನಿಮೂನಿಗೆ ಹೊರಡಬೇಕು, ಅದೂ ದ್ವೀಪಕ್ಕೇ ಹೋಗಬೇಕು ಎಂದು ಹಟ ಹಿಡಿದವಳು ನಾನು. ಕಾಡು, ಆನೆ, ರೆಸಾರ್ಟಿನ ಜೀಪು ನೋಡಿ ನೋಡಿ ಸಾಕಾಗಿತ್ತು. ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದವು. ಒಂದು ಅಂಡಮಾನಿನದು: ದಡದಲ್ಲಿ ಮರದ ಕಾಟೇಜು, ಮುಂದೆ ಜಗಲಿ, ಪಕ್ಕದಲ್ಲೇ ಸಣ್ಣದೊಂದು ರೂಮು. ಇನ್ನೊಂದು ಮಾಲ್ಡೀವ್ಸಿನದು: ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಒಂಟಿ ಕೋಣೆ, ಗಾಜಿನ ನೆಲ. ನನಗೂ ಅವನಿಗೂ ಮನಸ್ಸಿದ್ದದ್ದು ಅಂಡಮಾನಿನ ಮೇಲೆ.

ಸಂಜೆ ಹಾಲು ಕರೆದು ಬಂದ ಅತ್ತೆ ಕೈ ಒರೆಸಿಕೊಂಡು ನನ್ನ ಪಕ್ಕ ಕೂರುತ್ತಿದ್ದಳು. ಫೋನಿನಲ್ಲಿದ್ದ ಒಂದೊಂದು ಫೋಟೋವನ್ನೂ ಹೆಣ್ಣು ನೋಡಲು ಬಂದವರ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ನೆಲಕ್ಕೆ ಗಾಜು ಹಾಕವ್ರಲ್ಲ ಮಗ, ಚಾಪೆ ಹೆಂಗೆ ಹಾಸದು?"

"ಮಂಚ ಇದೆಯಲ್ಲ ಅತ್ತೆ."

"ಅದು ನಿಮ್ಗಾಯ್ತು. ಈ ಇನ್ನೊಂದೇ ವಾಸಿ ಕಣೆ. ಪಕ್ಕದಲ್ಲಿ ಒಂದು ರೂಮದೆ, ಜಗಲಿ ಅದೆ."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಾನು ನಗುತ್ತಿದ್ದೆ. ಒಂದು ಸಂಜೆ ಅವಳು ಬಕೆಟ್ ತೊಳೆಯುತ್ತಲೇ ಹೇಳಿದಳು: "ಪಕ್ಕದ್ಮನೆಯವಳಿಗೆ ಹಸು ನೋಡ್ಕೊ ಅಂತ ಹೇಳಿವ್ನಿ. ರೆಸಾರ್ಟಿಗೂ ಒಂದ್ವಾರ ಅವಳೇ ಹಾಲು ಹಾಕ್ತಾಳೆ. ನೀ ಟಿಕೇಟು ಮಾಡ್ಸು."

ನನ್ನ ನಗು ಅಲ್ಲೇ ನಿಂತಿತು. ಮೂಲೆಯಲ್ಲಿ ಹೊಸ ಚೀಲ ಇತ್ತು. ಅದರೊಳಗೆ ಎರಡು ಸೀರೆ, ಚಟ್ನಿಪುಡಿ, ಅವಳ ಚಾಪೆ.

ಆ ರಾತ್ರಿಯೇ ಅವನಿಗೆ ಫೋನಿನಲ್ಲಿ ಹೇಳಿದೆ. ಕೆಮ್ಮು ಬರುವಷ್ಟು ನಕ್ಕು, ಆಮೇಲೆ ಗಂಭೀರವಾಗಿ, "ನೀನೇ ಹೇಳು, ನನ್ನ ಕೈಲಾಗಲ್ಲ" ಅಂದ. ಯಾರ ಕೈಲಾಗುತ್ತದೆ? "ಅತ್ತೆ, ಇದು ಗಂಡ ಹೆಂಡತಿ ಇಬ್ಬರೇ ಹೋಗುವಂಥದ್ದು" ಎಂದು ನನಗೆ ಸ್ನಾನ ಮಾಡಿಸಿ ಬೆಳೆಸಿದವಳ ಮುಂದೆ ಹೇಳಲು ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಆ ಚೀಲ ನೋಡಿದ ಮೇಲೆ ಬಾಯಿಯೇ ಬರಲಿಲ್ಲ.

ಹಾಗಾಗಿ ನಾನು ಪಾಸ್‌ಪೋರ್ಟ್ ಬೇಕಾಗುವ ಮಾಲ್ಡೀವ್ಸನ್ನೇ ಆರಿಸಿದೆ. ನಮ್ಮಿಬ್ಬರಿಗೂ ಪಾಸ್‌ಪೋರ್ಟ್ ಇತ್ತು, ಅವಳಿಗೆ ಇರಲಿಲ್ಲ.

"ಪಾಸ್‌ಪೋರ್ಟ್ ಇಲ್ಲದೆ ಅಲ್ಲಿಗೆ ಬಿಡಲ್ಲವಂತೆ ಅತ್ತೆ. ಈಗ ಮಾಡಿಸೋಕೆ ಟೈಮೂ ಇಲ್ಲ."

ಅತ್ತೆ ಮೂಲೆಯಲ್ಲಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ಇನ್ನೊಂದಕ್ಕೆ?"

"ಅದು ಸಿಗಲಿಲ್ಲ. ತುಂಬಿಹೋಗಿದೆ."

"ಹೋಗ್ಲಿ ಬಿಡು," ಅಂದು ಚೀಲದಿಂದ ಚಟ್ನಿಪುಡಿ ತೆಗೆದು ನನ್ನ ಕೈಗೆ ಕೊಟ್ಟಳು. "ಅಲ್ಲಿ ನಮ್ ಕಡೆ ಊಟ ಸಿಗ್ತದೋ ಇಲ್ವೋ. ನಾಚ್ಕೊಂಡು ಉಪವಾಸ ಇರ್ಬೇಡ."

ಆ ಗಾಜಿನ ನೆಲದ ಕೋಣೆ ಚೆನ್ನಾಗಿಯೇ ಇತ್ತು. ಕಾಲ ಕೆಳಗೆ ಬಣ್ಣದ ಮೀನುಗಳು ಓಡಾಡುತ್ತಿದ್ದವು. ನಾನು ಮಾತ್ರ ಚಾಪೆಯನ್ನು ಎಲ್ಲಿ ಹಾಸಬಹುದಿತ್ತು ಎಂದು ನೋಡುತ್ತಿದ್ದೆ. ಅವನು "ಏನಾಯಿತು?" ಎಂದು ಕೇಳಿದರೆ "ಬಿಸಿಲು" ಅನ್ನುತ್ತಿದ್ದೆ. ಅವಳನ್ನು ಕರೆದುಕೊಂಡು ಹೋಗಬೇಕಿತ್ತು ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ನಿಜ ಹೇಳಿದ್ದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಡುತ್ತಿದ್ದಳೇನೋ. ಆ ನಗುವಿಗೆ ನಾನು ಅವಕಾಶವನ್ನೇ ಕೊಡಲಿಲ್ಲ.

ಕಳೆದ ವಾರ ಅತ್ತೆ ತುಪ್ಪ, ಮೊಸರು ಹೊತ್ತುಕೊಂಡು ವೆಲ್ಲಿಂಗ್ಟನ್ನಿಗೆ ಬಂದಳು. ಊಟವಾದ ಮೇಲೆ ಬ್ಲೌಸಿನೊಳಗಿಂದ ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಹೊಚ್ಚ ಹೊಸ ಪಾಸ್‌ಪೋರ್ಟ್. ಫೋಟೋದಲ್ಲಿ ಯಾರನ್ನೋ ಬೈಯಲು ಹೊರಟವಳಂತೆ ಕಣ್ಣು ಬಿಟ್ಟಿದ್ದಾಳೆ.

"ಅವತ್ತು ನಿನ್ನ ಒಬ್ಳನ್ನೇ ಕಳಿಸ್ಬಿಟ್ನಲ್ಲ ಅಂತ ಮನಸ್ಸಿಗೆ ಒಂಥರಾ ಆಗೋಗಿತ್ತು ಮಗ. ಇನ್ಮೇಲೆ ಆ ತಾಪತ್ರಯ ಇಲ್ಲ."

ತಪ್ಪು ಮಾಡಿದವಳು ನಾನು, ಇಷ್ಟು ದಿನ ನೊಂದುಕೊಂಡವಳು ಅವಳು. ಮೈಸೂರು ಬಿಟ್ಟು ದೊಡ್ಡ ಊರು ಕಾಣದವಳು. ಪಾಸ್‌ಪೋರ್ಟ್ ಆಫೀಸು ಇರುವುದು ಕೊಯಮತ್ತೂರಿನಲ್ಲಿ. ಬೆಟ್ಟ ಹತ್ತಿ ಇಳಿದು, ಬಸ್ಸು ಬದಲಾಯಿಸಿ ಹೋಗಬೇಕು.

"ಕೊಯಮತ್ತೂರಿಗೆ ಯಾರ ಜೊತೆ ಹೋಗಿದ್ದೆ ಅತ್ತೆ?"

"ನನ್ ಜೊತೆ ಯಾರು ಬತ್ತಾರೆ?" ಅಂದಳು. "ಒಬ್ಳೇ ಹೋಗ್ಬಂದೆ."