ಓಟಕ್ಕೆ ನಾನು ಬರೆದ ರಜಾ ಚೀಟಿ

ಕಳೆದ ವಾರ, ಜಗಳ ಮಾಡಲೆಂದೇ ಇಸ್ತ್ರಿ ಶರ್ಟು ತೊಟ್ಟು ಮಗಳ ಶಾಲೆಗೆ ಹೋಗಿದ್ದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನೆಂಬುದು ನಿಮಗೆ ಗೊತ್ತೇ ಇದೆ (ಈ ಅಂಕಣದಲ್ಲಿ ವರ್ಷಕ್ಕೆ ನಾಲ್ಕು ಸಲ ನಾನೇ ಹೇಳಿಕೊಳ್ಳುತ್ತೇನೆ). ಟೊಮೆಟೊ ಮಾರ್ಕೆಟ್ಟಿನಲ್ಲಿ ಬಾಕ್ಸ್ ಹೊತ್ತು ಬೆಳೆದೆ. ಈಗ ಸ್ವಂತ ಟೆಂಪೋ ಇದೆ. ಆದರೆ ಬೆವರಿನ ಅಂಗಿಯಲ್ಲಿ ಶಾಲೆಯ ಗೇಟು ದಾಟಬಾರದೆಂಬುದು ನನ್ನ ನಿಯಮ.

ವಿಷಯ ಇಷ್ಟೇ. ಶ್ರೀನಿವಾಸಪುರದ ಆ ಶಾಲೆಯಲ್ಲಿ ಈ ವರ್ಷ ಎಲ್ಲ ಮಕ್ಕಳ ತೂಕ, ಎತ್ತರ ನೋಡಿದರು. ಪ್ರೇಯರ್‌ಗೆ ಮುಂಚೆ ಅರ್ಧ ಗಂಟೆ ಓಟ, ಸ್ಕಿಪ್ಪಿಂಗ್ ಶುರುವಾಯಿತು. ಚಿಪ್ಸ್ ಪ್ಯಾಕೆಟ್ ಬಂದ್. ಒಂಬತ್ತನೇ ಕ್ಲಾಸಿನ ನನ್ನ ಮಗಳು ಭವ್ಯಳ ತೂಕ ಹೆಚ್ಚಿದೆ, ಅವಳು ದಿನಾ ಓಡಲೇಬೇಕು ಎಂದು ಮನೆಗೆ ಒಂದು ಕವರು ಬಂತು.

ಹೆಚ್ಚಿದ್ದರೇನು? ರಾಯಲ್ಪಾಡಿನ ನಮ್ಮಮ್ಮ ತೆಲುಗಿನಲ್ಲಿ, "ಪಿಲ್ಲ ಬೊದ್ದುಗಾ ಉಂಟೇನೇ ಲಕ್ಷಣಂ ರಾ" ಅಂದರು. ಹುಡುಗಿ ದುಂಡಗಿದ್ದರೇ ಲಕ್ಷಣವಂತೆ. ನನಗೂ ಹಾಗೇ ಅನ್ನಿಸಿತು. ನಾನು ಅರೆಹೊಟ್ಟೆಯಲ್ಲಿ ಬಾಕ್ಸ್ ಹೊತ್ತಿದ್ದು ಮಗಳು ಬಿಸಿಲಲ್ಲಿ ಏದುಸಿರು ಬಿಡಲೆಂದೇ? ಹತ್ತು ನಿಮಿಷದ ದಾರಿಗೂ ಅವಳನ್ನು ಬೈಕಿನಲ್ಲೇ ಬಿಡುವವನು ನಾನು.

ಕೂತು ಒಂದು ಪತ್ರ ಬರೆದೆ. ಮಗಳಿಗೆ ಮಂಡಿನೋವು, ಓಟದಿಂದ ರಜೆ ಕೊಡಿ. (ನೋವು ಇರಲಿಲ್ಲ. ಪತ್ರ ಚೆನ್ನಾಗಿತ್ತು.)

ಎರಡು ತಿಂಗಳು ನೆಮ್ಮದಿ. ಆಮೇಲೆ ಆ ಪತ್ರವೇ ವಾಪಸು ಬಂತು. ಕೆಳಗೆ ಒಂದು ಸಾಲು: ದಯವಿಟ್ಟು ಖುದ್ದಾಗಿ ಬನ್ನಿ.

ಇಸ್ತ್ರಿ ಶರ್ಟು ತೊಟ್ಟು ಹೋದೆ. ಮಕ್ಕಳನ್ನು ಓಡಿಸುವ ಪಿ.ಟಿ. ಮೇಡಂ ಬೈರಕೂರಿನ ಕಡೆಯವರು. "ಕೂತ್ಕೊಳ್ಳಿ ಅಣ್ಣ. ಲೆಟರ್ ಮಾತ್ರ ಸೂಪರಾಗಿ ಬರ್ದಿದ್ದೀರ. ಎರಡು ಸಲ ಓದ್ದೆ" ಅಂದರು.

ಜಗಳಕ್ಕೆ ಬಂದವನನ್ನು ಹೊಗಳಿದರೆ ಅವನು ಏನು ಮಾಡಬೇಕು?

"ನೋವು ಯಾವ ಕಾಲಿಗೆ?"

"ಎಡಗಾಲಿಗೆ."

"ಅವಳು ಬಲಗಾಲು ಅಂದಿದ್ಲಲ್ಲಣ್ಣ!"

ಬಾಗಿಲಲ್ಲಿ ನಿಂತಿದ್ದ ಭವ್ಯ ನಗಲಿಲ್ಲ. "ಅಪ್ಪಾ, ನಿನ್ನನ್ನ ಕರೆಸಿ ಅಂತ ನಾನೇ ಮೇಡಂಗೆ ಹೇಳ್ದೆ. ಎಲ್ರೂ ಓಡೋವಾಗ ನಾನೊಬ್ಳೇ ಮೆಟ್ಲ ಮೇಲೆ ಕೂತು ಬ್ಯಾಗ್ ಕಾಯ್ತೀನಿ. ಲಗೇಜ್ ಆಂಟಿ ಅಂತಾರೆ. ಮಹಡಿ ಹತ್ತೋಷ್ಟರಲ್ಲಿ ಉಸ್ರು ಕಟ್ಟತ್ತೆ. ನಂಗೆ ಓಡ್ಬೇಕು ಕಣಪ್ಪ."

"ನನ್ನ ಮಗಳು ಬೆವರಬಾರ್ದು ಅಂತ್ಲೇ ನಾನು ಟೊಮೆಟೊ ಬಾಕ್ಸ್ ಹೊತ್ತು ದುಡ್ದಿದ್ದು ಮೇಡಂ" ಅಂದೆ. ಸ್ವಲ್ಪ ಜೋರಾಗಿಯೇ.

"ಈಗ್ಲೂ ಬಾಕ್ಸ್ ಎತ್ತೀರಾ ಅಣ್ಣ?"

"ಎರಡೆರಡು, ಒಟ್ಟಿಗೆ!" ನನ್ನ ಎದೆ ತಾನಾಗಿ ಉಬ್ಬಿತು.

"ಅಷ್ಟು ಶಕ್ತಿ ನಿಮಗೆ ಎಲ್ಲಿಂದ ಬಂತು? ಇವಳಿಗೆ ಒಂದು ರೌಂಡ್ ಓಡೋ ಅಷ್ಟಾದ್ರೂ ಬೇಡ್ವಾ?"

ಜೇಬಿನಲ್ಲಿದ್ದ ಪತ್ರ ಹರಿದು ಹಾಕಿದೆ (ಒಳ್ಳೆಯ ಪತ್ರ, ಹೊಟ್ಟೆ ಉರಿಯಿತು).

ಮಾರನೇ ಬೆಳಿಗ್ಗೆ ಮೈದಾನದ ಬೇಲಿ ಪಕ್ಕ ನಿಂತು ನೋಡಿದೆ. ಭವ್ಯ ಅರ್ಧ ರೌಂಡ್ ಓಡಿದಳು. ಸೊಂಟ ಹಿಡಿದು ನಿಂತುಬಿಟ್ಟಳು. ನಾನು ನೀರಿನ ಬಾಟ್ಲಿ ಹಿಡಿದು ನುಗ್ಗಿದೆ.

"ಅಲ್ಲೇ ನಿಂತ್ಕೊಳ್ಳಿ ಅಣ್ಣ!" ಮೇಡಂ ಕೂಗಿದರು.

ನಿಂತೆ. ಬಾಕ್ಸ್ ಹೊರುವುದು ಅದಕ್ಕಿಂತ ಸುಲಭ. ಮಗಳು ನಾಲ್ಕು ಹೆಜ್ಜೆ ನಡೆದಳು. ಮತ್ತೆ ಓಡಿದಳು. ಎಲ್ಲರಿಗಿಂತ ಕೊನೆಯವಳಾಗಿ ರೌಂಡ್ ಮುಗಿಸಿ, ನೇರ ಬೇಲಿಯ ಹತ್ತಿರ ಬಂದು ಯೂನಿಫಾರ್ಮಿನ ತೋಳು ಹಿಡಿದು ತೋರಿಸಿದಳು. "ನೋಡಪ್ಪಾ, ಪೂರ್ತಿ ಒದ್ದೆ!"

ಇಷ್ಟು ವರ್ಷ ನಾನು ಒಗೆದು, ಇಸ್ತ್ರಿ ಹಾಕಿ ಮುಚ್ಚಿಟ್ಟಿದ್ದ ಬೆವರನ್ನೇ ಮಗಳು ಮೈದಾನಕ್ಕೆಲ್ಲ ತೋರಿಸುತ್ತಿದ್ದಳು.